ಬಲ್ಬ್ ಪೆಟ್ಟಿಗೆಯ ವಿಂಗಡಣೆ: ವೋಲ್ಟೇಜ್ ಲೆಕ್ಕ ಇಲ್ಲಿಗೆ ಬಂತು

ಪೆಟ್ಟಿಗೆಯಲ್ಲಿದ್ದ ಬಲ್ಬುಗಳನ್ನೆಲ್ಲ ಹರವಿಕೊಂಡು, ಒಂದೊಂದರ ಮೇಲೂ ಬರೆದಿರುವುದನ್ನು ನೋಟ್‌ಬುಕ್ಕಿಗೆ ಇಳಿಸಿದ್ದಾಯಿತು. ಒಂದರ ಮೇಲೆ 220, ಇನ್ನೊಂದರ ಮೇಲೆ 230, ಮತ್ತೊಂದರಲ್ಲಿ 240. ಹೊಸ ಎಲ್‌ಇಡಿಗಳಲ್ಲಿ 220–240, ಕೆಲವದರಲ್ಲಿ 100–240. 230 ವೋಲ್ಟ್ ಲೈನಿಗೆ ಇವನ್ನೆಲ್ಲ ಹಾಕಬಹುದು, ಆದರೆ ಪರಿಣಾಮ ಒಂದೇ ಅಲ್ಲ.

ಲೈನಿನ 230 ಬರೀ ಹೆಸರು, ಅಂದರೆ ನಾಮಿನಲ್ ವೋಲ್ಟೇಜ್. ಬಲ್ಬಿನ ಮೇಲಿರುವುದು ಅದನ್ನು ಎಷ್ಟಕ್ಕೆಂದು ತಯಾರಿಸಿದ್ದಾರೆ ಎನ್ನುವ ರೇಟಿಂಗ್. ಸಾಕೆಟ್ಟಿನಲ್ಲಿ ಮೀಟರ್ ತೋರಿಸುವುದು ಮೂರನೆಯದೇ ಒಂದು ಅಂಕಿ, ಅದೂ ಗಳಿಗೆಗೊಂದು ಥರ. ಬ್ರಿಟನ್ನಿನಲ್ಲಿ 216ರಿಂದ 253ರವರೆಗೆ ಎಷ್ಟಿದ್ದರೂ ಅದು 230ರ ಲೈನೇ.

ಫಿಲಮೆಂಟ್ ಬಲ್ಬಿಗೆ ಮಾತ್ರ ಈ ಹತ್ತು ವೋಲ್ಟ್ ಹೆಚ್ಚುಕಮ್ಮಿ ದೊಡ್ಡದು. ಬೆಳಕು ವೋಲ್ಟೇಜಿನ ಸುಮಾರು 3.4ನೇ ಘಾತದಂತೆ ಏರಿಳಿಯುತ್ತದೆ. ಬಾಳಿಕೆ ಹದಿಮೂರರ ಆಸುಪಾಸಿನ ಘಾತದಲ್ಲಿ, ಅದೂ ತಿರುಗುಮುರುಗಾಗಿ. 240 ಎಂದು ಬರೆದ 60 ವ್ಯಾಟ್ ಬಲ್ಬನ್ನು 230ಕ್ಕೆ ಹಾಕಿದರೆ ಸುಮಾರು 56 ವ್ಯಾಟ್ ಎಳೆಯುತ್ತದೆ, ಬೆಳಕು ನೂರಕ್ಕೆ ಹದಿಮೂರರಷ್ಟು ತಗ್ಗುತ್ತದೆ, ಆದರೆ ಆಯುಸ್ಸು ಒಂದೂಮುಕ್ಕಾಲು ಪಟ್ಟಿನ ಹತ್ತಿರ ಹೋಗುತ್ತದೆ. ಬದಲಾಯಿಸಲು ಏಣಿ ಬೇಕಾಗುವ ಜಾಗಕ್ಕೆ ಇದೇ ಸರಿ ಎಂದು ಅಂಥವನ್ನು ಬೇರೆ ತೆಗೆದಿಟ್ಟಿದ್ದೇನೆ.

ಎಲ್‌ಇಡಿಯ ಕಥೆ ಬೇರೆ. ಒಳ್ಳೆಯ ಡ್ರೈವರ್ (ಎಲ್‌ಇಡಿಗೆ ಹೋಗುವ ಕರೆಂಟನ್ನು ಹದದಲ್ಲಿಡುವ ಒಳಗಿನ ಸರ್ಕ್ಯೂಟ್) ಇದ್ದರೆ 220ಕ್ಕೂ 240ಕ್ಕೂ ಬೆಳಕು ಒಂದೇ. ಕೆಟ್ಟುಹೋದ ಒಂದನ್ನು ಬಿಚ್ಚಿ ನೋಡಿದೆ: 230ರ ಬಲ್ಬು, ಒಳಗಿನ ಕೆಪಾಸಿಟರ್ (ಚಾರ್ಜ್ ತುಂಬಿಟ್ಟುಕೊಳ್ಳುವ ಭಾಗ) ಮೇಲೆ ಬರೆದಿರುವುದು 400 ವೋಲ್ಟ್! ಮೀಟರಿನ 230 ಆರ್‌ಎಂಎಸ್ ಬೆಲೆ, ಅಂದರೆ ಏರಿಳಿಯುವ ಎಸಿ ಅಲೆಯ ಒಂದು ಬಗೆಯ ಸರಾಸರಿ. ಅಲೆಯ ತುದಿ ಅದರ 1.414 ಪಟ್ಟು, ಅಂದರೆ 325. ಎಸಿಯನ್ನು ಡಿಸಿ ಮಾಡುವ ರೆಕ್ಟಿಫೈಯರ್ ದಾಟಿದ ಮೇಲೆ ಕೆಪಾಸಿಟರ್ ತುಂಬಿಕೊಳ್ಳುವುದು ಆ ತುದಿಯವರೆಗೆ. ಲೈನ್ 253ಕ್ಕೆ ಏರಿದರೆ 358. ಹಾಗಾಗಿ 400 ತೀರಾ ಧಾರಾಳವೇನಲ್ಲ. ಸ್ವಿಚ್ ಆರಿಸಿದ ಮೇಲೂ ಅದರಲ್ಲಿ ಚಾರ್ಜ್ ಉಳಿದಿರಬಹುದು, ಬಿಚ್ಚುವವರು ದಯವಿಟ್ಟು ಬರಿಗೈ ಹಾಕಬೇಡಿ.

ಲೇಬಲ್ಲಿನ ಮಿಲಿಆಂಪ್ ಅಂಕಿಯನ್ನು ಯಾರೂ ನೋಡುವುದಿಲ್ಲ, ನನಗೆ ಅದೇ ಹೆಚ್ಚು ಇಷ್ಟವಾಯಿತು. 9 ವ್ಯಾಟ್, 230 ವೋಲ್ಟ್, 75 ಮಿಲಿಆಂಪ್ ಎಂದಿದೆ ಅನ್ನಿ. 230ನ್ನು 0.075 ಆಂಪಿನಿಂದ ಗುಣಿಸಿದರೆ 17.25 ಬರುತ್ತದೆ, 9 ಅಲ್ಲ. 9ನ್ನು ಅದರಿಂದ ಭಾಗಿಸಿದರೆ 0.52, ಅದೇ ಪವರ್ ಫ್ಯಾಕ್ಟರ್, ಅಂದರೆ ಆ ಗುಣಲಬ್ಧದಲ್ಲಿ ನಿಜವಾಗಿ ಖರ್ಚಾಗುವ ವ್ಯಾಟಿನ ಪಾಲು. ಪೆಟ್ಟಿಗೆ ಹೇಳದೆ ಬಿಟ್ಟದ್ದನ್ನು ಪುಟ್ಟ ಅಕ್ಷರ ಹೇಳಿಬಿಡುತ್ತದೆ.

ಉಳಿದಿರುವುದು ಎರಡು ಪಿನ್ನಿನ ಸ್ಪಾಟ್ ಬಲ್ಬುಗಳು. ಡಬ್ಬಿಯ ಮೇಲೆ ‘ಲೋ ವೋಲ್ಟೇಜ್’ ಎಂದಿದೆ. ವಿದ್ಯುತ್ ಮಾನದಂಡಗಳ ಅಂತರರಾಷ್ಟ್ರೀಯ ಸಂಸ್ಥೆ ಐಇಸಿಯ ಲೆಕ್ಕದಲ್ಲಿ ಎಸಿ 1000 ವೋಲ್ಟಿನವರೆಗೂ ಲೋ ವೋಲ್ಟೇಜೇ, ಮನೆಯ 230 ಕೂಡ ಅದರೊಳಗೇ ಬಂತು. ಇವು 12 ವೋಲ್ಟಿನವು, ಎಕ್ಸ್‌ಟ್ರಾ ಲೋ ವರ್ಗ. ಡಬ್ಬಿಯ ಮೇಲೆ ನೇರವಾಗಿ 12 ಎಂದು ದೊಡ್ಡದಾಗಿ ಬರೆಯುವುದೇ ಸರಿ, ಹಾಗಾಗಿ ನನ್ನ ಚೀಟಿಯಲ್ಲಿ ಅದೇ ಮೊದಲ ಸಾಲು. ಎರಡನೆಯ ಸಾಲು ಎಸಿಯೋ ಡಿಸಿಯೋ ಎಂಬುದು. ಕೆಲವು ಎಲ್‌ಇಡಿಗಳಲ್ಲಿ ಅದನ್ನು ಬರೆದೇ ಇಲ್ಲ. ಮುಂದಿನ ವಾರ ಡಿಸಿ ಸಪ್ಲೈ ಕೊಟ್ಟು, ಕರೆಂಟ್ ಮಿತಿ ಇಟ್ಟು, ಒಂದೊಂದಾಗಿ ನೋಡುತ್ತೇನೆ.