ಹೊಸ ಡಿಸ್ಕ್‌ನೊಳಗೆ ಟಕ್ ಟಕ್

ತೀರ್ಥಹಳ್ಳಿಯ ಮನೆಯಲ್ಲಿ ಅಪ್ಪಯ್ಯನ ಕಂಪ್ಯೂಟರ್ ಇದೆ. 2009ರಲ್ಲಿ ಜೋಡಿಸಿದ್ದು. ಕೋರ್ 2 ಡ್ಯುಯೋ, 2 ಜಿಬಿ ರ‍್ಯಾಮ್, 160 ಜಿಬಿ ಹಾರ್ಡ್ ಡಿಸ್ಕ್. ಹೊಸದು ತಗೊಳ್ಳೋಣ ಅಂದರೆ ಅಪ್ಪಯ್ಯ ಒಪ್ಪುವುದಿಲ್ಲ. ಅವರು ನುಡಿ ತಂತ್ರಾಂಶದಲ್ಲಿ ಬರೆದಿಟ್ಟದ್ದೆಲ್ಲ ಅದರಲ್ಲೇ ಇದೆ. ಅದಕ್ಕಿಂತ ಮುಖ್ಯವಾಗಿ ಅಜ್ಜಿ ಹಾಡಿದ ಸೋಬಾನೆ ಪದಗಳಿವೆ. ಕ್ಯಾಸೆಟ್‌ನಿಂದ ಒಂದೊಂದೇ ಹಾಡನ್ನು ಕಂಪ್ಯೂಟರಿಗೆ ಇಳಿಸಿದ್ದು ಅಪ್ಪಯ್ಯನೇ. ಆ ಕ್ಯಾಸೆಟ್‌ಗಳು ಮಳೆಗಾಲದಲ್ಲಿ ಬೂಸ್ಟು ಹಿಡಿದು ಹಾಳಾಗಿ ಎಷ್ಟೋ ವರ್ಷವಾಯ್ತು. ಅಜ್ಜಿಯೂ ಈಗಿಲ್ಲ.

ಹಳೇ ಡಿಸ್ಕ್ ಎಷ್ಟು ದಿನ ಬಂದೀತು ಅನ್ನೋ ಭಯಕ್ಕೆ ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ 1 ಟಿಬಿಯ ಹೊಸ ಡಿಸ್ಕ್ ಕೊಂಡು, ಬಸ್ಸಿನಲ್ಲಿ ರಾತ್ರಿಯಿಡೀ ಮಡಿಲಲ್ಲೇ ಇಟ್ಟುಕೊಂಡು ಊರಿಗೆ ತಂದೆ. ಭಾನುವಾರ ಬೆಳಿಗ್ಗೆ ಹಾಕಿದೆ. ಕಾಪಿ ಶುರುವಾಯ್ತು, ಸ್ವಲ್ಪ ಹೊತ್ತಿಗೆ ನಿಂತಿತು. ಮೌಸ್ ಕೂಡ ಅಲ್ಲಾಡಲಿಲ್ಲ. ಮತ್ತೆ ಆನ್ ಮಾಡಿದರೆ, ವಿಂಡೋಸ್ ಶುರುವಾಗುವ ಮುಂಚಿನ ಸೆಟ್ಟಿಂಗ್ ಪರದೆಯಾದ ಬಯೋಸ್‌ನಲ್ಲಿ ಡಿಸ್ಕ್ ಒಮ್ಮೆ ಕಾಣುತ್ತೆ, ಒಮ್ಮೆ ಕಾಣಲ್ಲ.

ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಅನ್ನೋ ಡಿಸ್ಕ್ ಆರೋಗ್ಯ ತೋರಿಸುವ ತಂತ್ರಾಂಶ ತೆರೆದು ನೋಡಿದೆ. ಸಿ7 ಸಾಲಿನಲ್ಲಿ ಸೊನ್ನೆಗಳ ಕೊನೆಗೆ ಒಂದು ಇ ಅಕ್ಷರ. ಅಲ್ಲಿ ತೋರಿಸುವುದು ಹತ್ತರ ಬದಲು ಹದಿನಾರರ ಲೆಕ್ಕ, 10ರಿಂದ 15ರವರೆಗೆ ಎ ಇಂದ ಎಫ್ ಅಕ್ಷರಗಳು, ಹಾಗಾಗಿ ಇ ಅಂದರೆ 14. ಡಿಸ್ಕ್ ಮತ್ತು ಮದರ್‌ಬೋರ್ಡ್ ನಡುವೆ ಡೇಟಾ ಓಡಾಡುವಾಗ ಆದ ತಪ್ಪುಗಳ ಎಣಿಕೆ ಇದು. ಜಾಸ್ತಿ ಸಲ ಕೇಬಲ್‌ದೇ ತೊಂದರೆ ಇರುತ್ತೆ. ಬಗ್ಗಿ ನೋಡಿದೆ. ಡಿಸ್ಕನ್ನು ಬೋರ್ಡಿಗೆ ಜೋಡಿಸುವ ಕೆಂಪು ಸಾಟಾ ಕೇಬಲ್ ಪ್ರೊಸೆಸರ್ ಫ್ಯಾನಿನ ಪಕ್ಕ ಚೂಪಾಗಿ ಮಡಚಿಕೊಂಡಿತ್ತು, ತುದಿಯಲ್ಲಿ ಲೋಹದ ಕ್ಲಿಪ್ ಇಲ್ಲ, ಬೆರಳು ತಾಗಿದರೆ ಅಲ್ಲಾಡುತ್ತಿತ್ತು. ಕ್ಲಿಪ್ ಇರುವ ಬೇರೆ ಕೇಬಲ್ ಹಾಕಿ ಪೋರ್ಟೂ ಬದಲಿಸಿದೆ. ಆ ಎಣಿಕೆ ಮತ್ತೆ ಸೊನ್ನೆಗೆ ಇಳಿಯುವುದಿಲ್ಲ, ಆದರೆ 14ಕ್ಕೇ ನಿಂತಿತು. ಬಯೋಸ್‌ನಲ್ಲಿ ಡಿಸ್ಕ್ ಪ್ರತಿ ಸಲ ಕಂಡಿತು. ಸರಿಹೋಯ್ತು ಅಂದುಕೊಂಡು ಊಟಕ್ಕೆ ಎದ್ದೆ.

ಊಟ ಮಾಡುವಾಗಲೇ ಆ ಸದ್ದು ಕೇಳಿಸಿತು. ಟಕ್. ಟಕ್. ಸ್ವಲ್ಪ ಬಿಟ್ಟು ಮತ್ತೆ ಟಕ್.

"ಏನಾಯ್ತೋ?" ಅಂದರು ಅಪ್ಪಯ್ಯ. ಎಂಜಲು ಕೈಯಲ್ಲೇ ಓಡಿದೆ.

ಈಗ ಸಿ5 ಸಾಲು ಹಳದಿಯಾಗಿತ್ತು. 28 ಅಂತ ತೋರಿಸುತ್ತಿತ್ತು, ಹದಿನಾರರ ಲೆಕ್ಕದಲ್ಲಿ ಅಂದರೆ 40. ಓದಲು ಆಗದೆ ಬಾಕಿ ಉಳಿದ ಸೆಕ್ಟರುಗಳ, ಅಂದರೆ ಡೇಟಾ ಇಡುವ ಸಣ್ಣ ಸಣ್ಣ ಜಾಗಗಳ ಲೆಕ್ಕ ಅದು. ಅಲ್ಲಿ ಮತ್ತೆ ಬರೆದಾಗ ಸೆಕ್ಟರ್ ಸರಿಹೋಗಬಹುದು, ಇಲ್ಲಾಂದ್ರೆ ಡಿಸ್ಕ್ ಅದನ್ನು ಬಿಟ್ಟು ಬದಲಿ ಜಾಗ ಕೊಡುತ್ತೆ. ಆದರೆ ಒಂದೇ ದಿನ ಓಡಿದ ಡಿಸ್ಕ್‌ನಲ್ಲಿ 40 ಇದ್ದರೆ ಅದನ್ನು ನಂಬಿ ಅಜ್ಜಿಯ ಹಾಡು ಇಡಲು ನನಗಂತೂ ಧೈರ್ಯ ಬರಲಿಲ್ಲ. ಕೇಬಲ್ಲೂ ಕೆಟ್ಟಿತ್ತು, ಡಿಸ್ಕೂ ಕೆಟ್ಟಿತ್ತು. ಮೊದಲನೆಯದು ಸಿಕ್ಕ ಖುಷಿಯಲ್ಲಿ ಎರಡನೆಯದನ್ನು ನಾನು ಹುಡುಕಲೇ ಇಲ್ಲ.

ಸೋಮವಾರ ಅಂಗಡಿಗೆ ಫೋನ್ ಮಾಡಿದೆ. "ಸರ್, ಅಷ್ಟು ಹಳೇ ಬೋರ್ಡ್ ಈಗಿನ ಡಿಸ್ಕ್ ಸಪೋರ್ಟ್ ಮಾಡಲ್ಲ" ಅಂದರು. ಅದು ಸರಿಯಲ್ಲ. ಡಿಸ್ಕನ್ನು ಭಾಗ ಮಾಡುವ ಹಳೇ ಪದ್ಧತಿಯಾದ ಎಂಬಿಆರ್ ಪಾರ್ಟಿಶನ್‌ಗೆ ಮಿತಿ ಬರುವುದು 2 ಟಿಬಿ ದಾಟಿದ ಮೇಲೆ, ನನ್ನದು 1 ಟಿಬಿ. ಆದರೂ ವಾದ ಮಾಡದೆ ಭಾವನ ಮನೆಗೆ ಹೋದೆ. ಅವರ ಹೊಸ ಲ್ಯಾಪ್‌ಟಾಪಿಗೆ ಯುಎಸ್‌ಬಿ ಅಡಾಪ್ಟರಿನಲ್ಲಿ ಡಿಸ್ಕ್ ಜೋಡಿಸಿ, ಕೆಟ್ಟ ಜಾಗ ಹುಡುಕುವ ಎಚ್‌ಡಿ ಟ್ಯೂನ್‌ನಲ್ಲಿ ಪೂರ್ತಿ ಸ್ಕ್ಯಾನ್ ಬಿಟ್ಟೆ. ಸುಮಾರು ಮೂರು ಗಂಟೆ ಹಿಡಿಯಿತು, ಮಧ್ಯೆ ಕರೆಂಟ್ ಹೋಗಿ ಮತ್ತೆ ಮೊದಲಿಂದ. ಅಪ್ಪಯ್ಯನ ಕಂಪ್ಯೂಟರಿನಲ್ಲಿ ಮೊದಲೇ ಮಾಡಿದ್ದ ಸ್ಕ್ಯಾನಿನಲ್ಲಿ ಎಲ್ಲಿ ಕೆಟ್ಟ ಜಾಗದ ಕೆಂಪು ಚೌಕಗಳು ಬಂದಿದ್ದವೋ ಅಲ್ಲೇ ಇಲ್ಲೂ ಬಂದವು. ಎರಡೂ ಸ್ಕ್ರೀನಿನ ಫೋಟೋ ಅಂಗಡಿಗೆ ಕಳಿಸಿದೆ. ಆಮೇಲೆ ಅವರು ಹಳೇ ಬೋರ್ಡಿನ ಮಾತು ಎತ್ತಲಿಲ್ಲ, ಡಿಸ್ಕ್ ಬದಲಿಸಿ ಕೊಟ್ಟರು.

ಬಂದ ಡಿಸ್ಕ್‌ಗೆ ಮೊದಲು ಪೂರ್ತಿ ಸ್ಕ್ಯಾನ್, ಆಮೇಲೆ ಕಾಪಿ. ಸಿ5 ಸೊನ್ನೆ, ಸಿ7 ಸೊನ್ನೆ. ಹಳೇ ಡಿಸ್ಕ್‌ನಿಂದ ಒಂದು ಫೈಲನ್ನೂ ಅಳಿಸದೆ, ಅದನ್ನು ಬಟ್ಟೆಯಲ್ಲಿ ಸುತ್ತಿ ಬೀರುವಿನಲ್ಲಿಟ್ಟೆ.

ಅಪ್ಪಯ್ಯ ಕುರ್ಚಿ ಎಳೆದುಕೊಂಡು ಕೂತು ಮೊದಲ ಹಾಡು ಹಾಕಿದರು. ಅಜ್ಜಿ ಹಾಡು ಎತ್ತುವ ಮುಂಚೆ ಗಂಟಲು ಸರಿಮಾಡಿಕೊಂಡ ಸದ್ದು, ಹಿಂದೆ ಎಲ್ಲೋ ಕೊಟ್ಟಿಗೆಯ ಗಂಟೆ, ಎಲ್ಲ ಹಾಗೇ ಇತ್ತು. ಪೂರ್ತಿ ಕೇಳಿ ಮುಗಿಸಿ, "ಇದನ್ನ ಅತ್ತೆ ಮನೇಲೂ ಒಂದು ಹಾಕಿಡು ಮಾರಾಯ" ಅಂದರು. ಮಾರನೇ ದಿನವೇ ಪೆನ್ ಡ್ರೈವ್ ಹಿಡಿದು ಅತ್ತೆ ಮನೆಗೆ ಹೊರಟೆ.