ಬ್ರೇಕ್ ಇಲ್ಲದ ಬೈಕು, ಪೆನ್ನು ಹಿಡಿದ ಅಭಿಮಾನಿ

ಸ್ಪೀಡ್‌ವೇ ರೇಸಿನ ಹಳೇ ವಿಡಿಯೋಗಳ ಹುಚ್ಚು ಹಿಡಿದಿದೆ. 500 ಸಿಸಿ ಬೈಕು, ಒಂದೇ ಗೇರು, ಬ್ರೇಕೇ ಇಲ್ಲ! ನಾಲ್ಕು ಜನ, ಮಣ್ಣಿನ ಟ್ರ್ಯಾಕಿನಲ್ಲಿ ನಾಲ್ಕು ಸುತ್ತು. ಒಂದು ನಿಮಿಷದ ಆಸುಪಾಸಿನಲ್ಲಿ ಎಲ್ಲ ಮುಗಿದಿರುತ್ತದೆ. ತಿರುವುಗಳೆಲ್ಲ ಎಡಕ್ಕೇ. ಆದರೆ ಹ್ಯಾಂಡಲ್ ಬಲಕ್ಕೆ ತಿರುಗಿರುತ್ತದೆ, ಹಿಂದಿನ ಚಕ್ರ ಜಾರುತ್ತಾ ಬೈಕನ್ನು ತಿರುಗಿಸುತ್ತದೆ. ನೆಲಕ್ಕೆ ಉಜ್ಜುವ ಎಡಗಾಲಿನ ಬೂಟಿಗೆ ಉಕ್ಕಿನ ತಳ.

1920ರ ದಶಕದಲ್ಲಿ ಆಸ್ಟ್ರೇಲಿಯಾದಲ್ಲಿ ಬೆಳೆದ ಆಟ ಇದು. 1928ರಲ್ಲಿ ಲಂಡನ್ ಹತ್ತಿರದ ಹೈ ಬೀಚ್‌ಗೆ ಬಂತು. 1936ರಲ್ಲಿ ವೆಂಬ್ಲಿಯಲ್ಲಿ ಮೊದಲ ವಿಶ್ವ ಫೈನಲ್, ಗೆದ್ದವನು ಆಸ್ಟ್ರೇಲಿಯಾದ ಲಯೊನೆಲ್ ವ್ಯಾನ್ ಪ್ರಾಗ್.

ಈಗಿನ ನಿಜವಾದ ಹುಚ್ಚು ಇರುವುದು ಪೋಲೆಂಡಿನಲ್ಲಿ. 1973ರಲ್ಲಿ ಹೋಷುವ್ ಸ್ಟೇಡಿಯಂನಲ್ಲಿ ಲಕ್ಷ ಜನರ ಮುಂದೆ ಯೆಜಿ ಶ್ಚಾಕಿಯೆಲ್ ಆ ದೇಶದ ಮೊದಲ ವಿಶ್ವ ಚಾಂಪಿಯನ್ ಆದ. ಟೈ ಆಗಿ ಮತ್ತೆ ಓಡಿಸಿದ ರೇಸಿನಲ್ಲಿ ಎದುರಾಳಿ ಐವನ್ ಮೌಗರ್ ಬಿದ್ದುಬಿಟ್ಟ. ಆರು ಸಲ ವಿಶ್ವ ಚಾಂಪಿಯನ್ ಆದ ಮೌಗರ್, ಅವನೇ!

ನನಗೆ ಜಾಸ್ತಿ ಇಷ್ಟವಾಗಿದ್ದು ಪ್ರೇಕ್ಷಕರು. ಕೈಯಲ್ಲಿ ಪ್ರೋಗ್ರಾಂ ಪುಸ್ತಿಕೆ, ಪೆನ್ನು. ಪ್ರತಿ ರೇಸು ಮುಗಿದ ಕೂಡಲೇ ಮೊದಲು ಬಂದವನಿಂದ ಕೊನೆಯವನವರೆಗೆ 3, 2, 1, 0 ಅಂತ ಅಂಕ ಬರೆದುಕೊಳ್ಳುತ್ತಾರೆ, ಕಿರಾಣಿ ಅಂಗಡಿಯ ಲೆಕ್ಕದ ಹಾಗೆ. ಸ್ಕೋರ್‌ಬೋರ್ಡ್ ಎದುರಿಗೇ ಇದ್ದರೂ! ಅಷ್ಟು ಸದ್ದು, ಧೂಳು, ಬೈಕಿಗೆ ಹಾಕುವ ಇಂಧನ ಮೆಥನಾಲ್‌ನ ವಾಸನೆಯ ನಡುವೆ ಕೂತು ಬರೆಯುವುದು. ತಾನೇ ಬರೆದುಕೊಂಡರೆ ಆಟದಲ್ಲಿ ತನಗೂ ಒಂದು ಕೆಲಸ ಸಿಕ್ಕಂತೆ ಅನಿಸುತ್ತದೇನೋ, ಅಲ್ವಾ? ನಾವು ಮ್ಯಾಚ್ ನೋಡುವಾಗ ಕೈಯಲ್ಲಿ ಫೋನ್ ಬಿಟ್ಟರೆ ಇನ್ನೇನೂ ಇರುವುದಿಲ್ಲ.