ಪೆಟ್ಟಿಗೆ ತುಂಬ ಮೊಟ್ಟೆ ಇದ್ದರೆ ಸಾಲದು

ಅಮೆರಿಕದ ಇಲಿನಾಯ್ ನದಿ ಪಕ್ಕದ ಜೌಗು ಕಾಡಿನಲ್ಲಿ ವುಡ್ ಡಕ್‌ಗಳ ಗೂಡುಪೆಟ್ಟಿಗೆ ನೋಡಿಕೊಳ್ಳುವುದು ನನ್ನ ಕೆಲಸ. ಇದು ಮರದ ಪೊಟರೆಯಲ್ಲಿ, ಇಲ್ಲವೇ ನಾವು ಇಟ್ಟ ಇಂಥ ಪೆಟ್ಟಿಗೆಯಲ್ಲಿ ಮೊಟ್ಟೆ ಇಡುವ ಬಾತುಕೋಳಿ. ಹೊಸದಾಗಿ ಕೆಲಸಕ್ಕೆ ಬಂದವರು ಒಂದು ಪೆಟ್ಟಿಗೆಯಲ್ಲಿ 30 ಮೊಟ್ಟೆ ಕಂಡರೆ ಕುಣಿದಾಡುತ್ತಾರೆ. ನನಗೆ ಮಾತ್ರ ಅದನ್ನು ನೋಡಿದರೆ ಚಿಂತೆ ಶುರುವಾಗುತ್ತದೆ.

ಒಂದು ಹೆಣ್ಣು ಬಾತು ದಿನಕ್ಕೆ ಒಂದೇ ಮೊಟ್ಟೆ ಇಡುತ್ತದೆ. ಸಾಮಾನ್ಯವಾಗಿ 10–12 ಆದ ಮೇಲೆ ಕಾವಿಗೆ ಕೂರುತ್ತದೆ. ನಿನ್ನೆ 5 ಇದ್ದದ್ದು ಇವತ್ತು 8 ಆಗಿದ್ದರೆ, ಬೇರೆ ಬಾತುಗಳೂ ಬಂದು ಇಟ್ಟು ಹೋಗಿವೆ ಅಂತಲೇ ಲೆಕ್ಕ. ಇದನ್ನು ನಾವು ಎಗ್ ಡಂಪಿಂಗ್ ಅನ್ನುತ್ತೇವೆ. ಕೆಲವೊಮ್ಮೆ ಕೆನೆಬಣ್ಣದ ಮೊಟ್ಟೆಗಳ ನಡುವೆ ಅಚ್ಚ ಬಿಳಿಯ, ಇನ್ನೂ ದುಂಡಗಿನ, ದಪ್ಪ ಚಿಪ್ಪಿನ ಮೊಟ್ಟೆಯೂ ಸಿಗುತ್ತದೆ. ಅದು ಹೂಡೆಡ್ ಮರ್ಗ್ಯಾನ್ಸರ್ ಎಂಬ ಬೇರೆ ಜಾತಿಯ ಬಾತಿನದು.

ಕಾಗೆ ಗೂಡಿನಲ್ಲಿ ಕೋಗಿಲೆ ಮೊಟ್ಟೆ ಇಡುವುದು ನಮಗೆಲ್ಲ ಗೊತ್ತು. ಬಾತುಗಳದ್ದು ಬೇರೆ ಕಥೆ. ಕೋಗಿಲೆ ಮರಿಗೆ ಕಾಗೆ ವಾರಗಟ್ಟಲೆ ಗುಟುಕು ಕೊಡಬೇಕು. ಬಾತಿನ ಮರಿ ಹುಟ್ಟಿದ ಮರುದಿನವೇ ಪೆಟ್ಟಿಗೆಯಿಂದ ಕೆಳಗೆ ಧುಮುಕಿ ತಾನೇ ಹುಳಹುಪ್ಪಟೆ ಹಿಡಿದು ತಿನ್ನುತ್ತದೆ. ತಾಯಿಯದು ಕಾವಲು ಕಾಯುವ, ಬೆಚ್ಚಗಿಡುವ ಕೆಲಸ. ಹಾಗಾಗಿ ನಾಲ್ಕು ಮರಿ ಜಾಸ್ತಿಯಾದರೆ ಅದಕ್ಕೆ ದೊಡ್ಡ ಹೊರೆಯಲ್ಲ. ಚಳಿಗಾಲದಲ್ಲಿ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಬರುವ ಪಟ್ಟೆತಲೆ ಹೆಬ್ಬಾತುಗಳಲ್ಲೂ ಹೀಗೆ ಒಂದರ ಗೂಡಿನಲ್ಲಿ ಇನ್ನೊಂದು ಮೊಟ್ಟೆ ಇಡುವ ಅಭ್ಯಾಸ ಇದೆ. ಆದರೆ ಅವು ಗೂಡು ಕಟ್ಟುವುದು ಟಿಬೆಟ್, ಮಂಗೋಲಿಯಾ ಕಡೆ. ಹಾಗಾಗಿ ನಮ್ಮವರ ಕಣ್ಣಿಗೆ ಬೀಳುವುದಿಲ್ಲ.

ತೊಂದರೆ ಇರುವುದು ಕಾವಿನಲ್ಲಿ. ಹೊಟ್ಟೆಯಡಿ ಹಿಡಿಸದ ಮೊಟ್ಟೆಗಳು ಅಂಚಿಗೆ ಸರಿದು ತಣ್ಣಗಾಗುತ್ತವೆ. ಕಾವು ಶುರುವಾದ ಮೇಲೆ ಬಂದು ಸೇರಿದವು ಹಿಂದೆ ಬೀಳುತ್ತವೆ. ಉಳಿದ ಮರಿಗಳು ಹೊರಟಾಗ ತಾಯಿ ಅವಕ್ಕಾಗಿ ಕಾಯುವುದಿಲ್ಲ. ಒಂದೇ ಪೆಟ್ಟಿಗೆಗೆ ಎರಡು ಮೂರು ಹೆಣ್ಣು ನುಗ್ಗಿ ಕಿತ್ತಾಡಿದರೆ ಮೊಟ್ಟೆ ಒಡೆಯುತ್ತವೆ. ಕೊನೆಗೆ ಯಾರೂ ಕೂರದೆ ಗೂಡೇ ಪಾಳು ಬೀಳುವುದೂ ಉಂಟು.

ಇದರಲ್ಲಿ ಮನುಷ್ಯರ ಪಾಲು ದೊಡ್ಡದು. ಕಾಡು ಕಡಿದು, ಮಿತಿಯಿಲ್ಲದೆ ಬೇಟೆಯಾಡಿ ಈ ಹಕ್ಕಿ ತೀರಾ ಕಡಿಮೆಯಾಗಿತ್ತು. 1918ರಲ್ಲಿ ಬೇಟೆ ನಿಲ್ಲಿಸಿದರು, 1941ರಲ್ಲಿ ಮತ್ತೆ ಬೇಟೆಗೆ ಅವಕಾಶ ಕೊಟ್ಟರು. ನಡುವೆ 1937ರಲ್ಲಿ ಇದೇ ಇಲಿನಾಯ್‌ನಲ್ಲಿ ಪೆಟ್ಟಿಗೆ ಇಡುವ ಕೆಲಸ ಶುರುವಾಯಿತು. ಅದರಿಂದ ಉಪಕಾರವೇ ಆಯಿತು. ಆದರೆ ಎಷ್ಟೋ ಕಡೆ ಪೆಟ್ಟಿಗೆಗಳನ್ನು ತೆರೆದ ನೀರಿನಲ್ಲಿ ಕಂಬ ನೆಟ್ಟು ಒತ್ತೊತ್ತಾಗಿ ಹಾಕಿದರು. ದೋಣಿಯಲ್ಲಿ ಹೋಗಿ ನೋಡಲು ನಮಗೆ ಸುಲಭ, ಅಲ್ವಾ? ಬಾತುಗಳಿಗೂ ಅಷ್ಟೇ ಸುಲಭ. ಜಾಗ ಹುಡುಕುವ ಹೆಣ್ಣು ಇನ್ನೊಂದು ಬಾತು ಹೊಕ್ಕ ಕಡೆಗೇ ಹಿಂಬಾಲಿಸಿಕೊಂಡು ಹೋಗುತ್ತದೆ. 1980ರ ದಶಕದಲ್ಲಿ ಸಂಶೋಧಕರಾದ ಬ್ರ್ಯಾಡ್ ಸೆಮೆಲ್, ಪಾಲ್ ಶರ್ಮನ್ ಮತ್ತು ಜೊತೆಗಾರರು ಮಿಸೌರಿ ರಾಜ್ಯದಲ್ಲಿ ಇದನ್ನು ತೋರಿಸಿದರು. ಕಾಡಿನೊಳಗೆ ಮರೆಯಲ್ಲಿ, ದೂರ ದೂರ ಇಟ್ಟ ಪೆಟ್ಟಿಗೆಗಳಲ್ಲಿ ಈ ಕಾಟ ಕಡಿಮೆ ಇತ್ತು.

"ಜಾಸ್ತಿ ಇರುವ ಮೊಟ್ಟೆ ತೆಗೆದುಬಿಡಬಹುದಲ್ಲ?" ಅಂತ ಜನ ಕೇಳುತ್ತಾರೆ. ವುಡ್ ಡಕ್‌ಗಳ ಮೊಟ್ಟೆಯಲ್ಲಿ ಯಾವುದು ಯಾರದು ಅಂತ ಕಣ್ಣಿಗೆ ಗೊತ್ತಾಗುವುದಿಲ್ಲ. ಅನುಮತಿ ಇಲ್ಲದೆ ಮುಟ್ಟಲು ಕಾನೂನೂ ಬಿಡುವುದಿಲ್ಲ.

ನನ್ನ ಮಟ್ಟಿಗೆ ನಿಜವಾದ ಲೆಕ್ಕ ಸಿಗುವುದು ಚಳಿಗಾಲದಲ್ಲಿ, ಪೆಟ್ಟಿಗೆ ಸ್ವಚ್ಛ ಮಾಡಿ ಹೊಸ ಮರದ ಸಿಪ್ಪೆ ತುಂಬುವಾಗ. ಮರಿ ಹೊರಬಂದ ಮೊಟ್ಟೆಯ ಒಳಪೊರೆ ಚಿಪ್ಪು ಬಿಟ್ಟು, ಒಣಗಿ, ತೆಳು ಚರ್ಮದ ಹಾಗೆ ಹಳೇ ಸಿಪ್ಪೆಯೊಳಗೆ ಸಿಗುತ್ತದೆ. ರಕೂನ್ ಎಂಬ ಇಲ್ಲಿನ ಕಾಡುಪ್ರಾಣಿ ತಿಂದ ಮೊಟ್ಟೆಯಲ್ಲಾದರೆ ಪೊರೆ ಚಿಪ್ಪಿಗೆ ಅಂಟಿಕೊಂಡೇ ಇರುತ್ತದೆ. ಹುಡುಗರಿಗೆ ನಾನು ಎಣಿಸಲು ಹೇಳುವುದು ಬಿಡಿಯಾಗಿ ಸಿಗುವ ಈ ಪೊರೆಗಳನ್ನು.

ಈಗ ಹಳೇ ಪೆಟ್ಟಿಗೆ ಕೆಟ್ಟಾಗೆಲ್ಲ ಹೊಸದನ್ನು ಕಾಡಿನೊಳಗೇ ಹಾಕುತ್ತಿದ್ದೇವೆ. ಅವನ್ನು ಹುಡುಕಿಕೊಂಡು ಸೊಂಟದವರೆಗಿನ ನೀರಿನಲ್ಲಿ ನಡೆಯಬೇಕು, ಸಮಯವೂ ಜಾಸ್ತಿ ಬೇಕು. ಅದಕ್ಕೆ ತಕ್ಕಷ್ಟು ಜನ ಕೊಡಿ ಅಂತ ಪ್ರತಿ ಬಜೆಟ್ ಮೀಟಿಂಗಿನಲ್ಲೂ ಕೇಳುತ್ತೇನೆ.